ಧ್ವನಿ ನಿಲ್ಲುವ ಜಾಗ

"ಇಲ್ಲ, ಇದರಲ್ಲೂ ಧ್ವನಿ ಬಲಕ್ಕೇ ವಾಲ್ತಿದೆ," ಎಂದು ಅವನು ಹೆಡ್‌ಫೋನ್ ತೆಗೆದು ಗಾಜಿನ ಕೌಂಟರ್ ಮೇಲಿಟ್ಟ.

ಅಲ್ಲಿ ಆಗಲೇ, ಕಂಪ್ಯೂಟರಿನ ಸದ್ದನ್ನು ಹೆಡ್‌ಫೋನಿಗೆ ಕೊಡುವ ಎರಡು ಸೌಂಡ್ ಕಾರ್ಡುಗಳು ಪೆಟ್ಟಿಗೆ ಬಿಚ್ಚಿಸಿಕೊಂಡು ಬಿದ್ದಿದ್ದವು. ಅಂಗಡಿಯಾಕೆ ಮೂರನೆಯದರ ವೈರು ಅಲುಗಿಸಿ ನೋಡಿದಳು. "ಅಣ್ಣಾ, ನಮ್ಮತ್ತೆ ಕೂಡ ಇಷ್ಟು ಕೊಂಕು ತೆಗೆಯಲ್ಲ ಕಣ್ರೀ."

ಅವನು ನಕ್ಕ. ಹೊರಗಿನವರು ಹೇಳಿದ ಮಾತಿಗೆ ನಕ್ಕು ಎಷ್ಟೋ ದಿನವಾಗಿತ್ತು. ದನಿಪುಸ್ತಕಗಳನ್ನು ತಿದ್ದುವುದು ಅವನ ಕೆಲಸ. ಯಾರೋ ಎಲ್ಲೋ ಕೂತು ಓದಿದ ಕಾದಂಬರಿಗಳು ಕಂಪ್ಯೂಟರಿಗೆ ಬರುತ್ತವೆ. ತಡವರಿಕೆ, ಕುರ್ಚಿಯ ಕಿರುಗುಟ್ಟುವಿಕೆ, ನುಂಗಿದ ಉಗುಳಿನ ಸದ್ದು, ಎಲ್ಲವನ್ನೂ ಅವನು ಮನೆಯಲ್ಲಿ ಒಬ್ಬನೇ ಕೂತು ಕತ್ತರಿಸುತ್ತಾನೆ. ಓದುವವರ ಧ್ವನಿ ತಲೆಯ ನಟ್ಟನಡುವೆ ನಿಲ್ಲಬೇಕು. ಎರಡು ತಿಂಗಳಿಂದ ಅದು ಬಲಕ್ಕೆ ಸರಿದು ಕೂತಿತ್ತು; ನಡುವಿಗೆ ತರಲು ಅವನು ಎಡಗಡೆಯ ಸದ್ದು ಏರಿಸುತ್ತಿದ್ದ. ಕಳೆದ ವಾರ ಕಂಪನಿಯಿಂದ ಮೇಲ್ ಬಂದಿತ್ತು: ಧ್ವನಿ ಎಡಕ್ಕೆ ಹೆಚ್ಚು ಕೊಟ್ಟಿದ್ದೀರಿ, ಇನ್ನೊಮ್ಮೆ ಹೀಗಾದರೆ ಕೆಲಸ ಬೇರೆಯವರಿಗೆ.

"ಕಂಪ್ಯೂಟರಲ್ಲೇ ಬರೋ ಸಾಕೆಟ್ಟು ಇಂಥ ಹೆಡ್‌ಫೋನಿಗೆ ಸಾಲಲ್ಲ, ನಿಜ," ಎಂದಳು ಅಂಗಡಿಯಾಕೆ. "ದನಿ ಬಡಕಲಾಗುತ್ತೆ. ಒಳಗೆ ಕೂರಿಸೋ ಕಾರ್ಡು ಪಕ್ಕದ ಭಾಗಗಳ ಗುಂಯ್ ಅನ್ನೋದನ್ನ ಹಿಡ್ಕೊಬಹುದು. ಹೊರಗಡೆ ಇಡೋ ಈ ಡಬ್ಬಿಗೆ ಆ ರಗಳೆ ಇಲ್ಲ. ಆದ್ರೆ ಮೂರಕ್ಕೆ ಮೂರೂ ಒಂದೇ ಕಡೆ ವಾಲಲ್ಲ ಅಣ್ಣಾ." ಆಮೇಲೆ ಸುಮ್ಮನೆ ಹೇಳುವಂತೆ, "ಹೆಡ್‌ಫೋನ್ ತಿರುಗಿಸಿ ಹಾಕ್ಕೊಳ್ಳಿ ನೋಡೋಣ," ಎಂದಳು.

ಅವನ ಕೈ ತಡೆಯಿತು. ಹೊಸಬರಿಗೆ ಅವನೇ ಕಲಿಸಿಕೊಡುತ್ತಿದ್ದ ಮೊದಲ ಪರೀಕ್ಷೆ ಅದು. ದೋಷ ಯಂತ್ರದ್ದಾದರೆ ಧ್ವನಿ ಇನ್ನೊಂದು ಕಿವಿಯ ಕಡೆಗೆ ಜಿಗಿಯುತ್ತದೆ; ಕಿವಿಯದ್ದಾದರೆ ಇದ್ದಲ್ಲೇ ಇರುತ್ತದೆ. ಎರಡು ತಿಂಗಳಲ್ಲಿ ಮನೆಯಲ್ಲಿ ಒಮ್ಮೆಯೂ ಅದನ್ನು ಮಾಡಿರಲಿಲ್ಲ.

ತಿರುಗಿಸಿ ಹಾಕಿಕೊಂಡ. ಧ್ವನಿ ಬಲಗಡೆಯೇ ಇತ್ತು, ಕೂದಲೆಳೆಯಷ್ಟೂ ಅಲುಗದೆ.

"ಈಗ?"

"ಈಗ ಎಡಕ್ಕೆ ಬಂತು," ಎಂದ. "ಹೆಡ್‌ಫೋನಿಂದೇ ಏನೋ ಇರಬೇಕು."

ಅವಳು ಅದನ್ನು ತೆಗೆದುಕೊಂಡು ತನ್ನ ತಲೆಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಕೇಳಿದಳು. ತಿರುಗಿಸಿ ಮತ್ತೆ ಕೇಳಿದಳು. ತೆಗೆದು, ಕಿವಿಗೆ ಒತ್ತುವ ಮೆತ್ತೆಗಳನ್ನು ಸೆರಗಿನಿಂದ ಒರೆಸಿ ಕೊಟ್ಟಳು.

"ಈ ಡಬ್ಬಿ ಕೊಡಿ ಸಾಕು," ಎಂದ ಅವನು, ಅವಳ ಮುಖ ನೋಡದೆ.

"ತಗೊಂಡ್ಹೋಗಿ. ಪೆಟ್ಟಿಗೆ ಮಾತ್ರ ಬಿಸಾಕಬೇಡಿ. ಒಂದ್ಸಲ ತೋರಿಸ್ಕೊಂಡು ಬನ್ನಿ ಅಣ್ಣಾ. ಆಮೇಲೆ ಬೇಡ ಅನ್ಸಿದ್ರೆ ನಾನೇ ವಾಪಸ್ ಇಟ್ಕೋತೀನಿ."

ಅವನು ಎಡಗಿವಿಯನ್ನು ಒಮ್ಮೆ ಮುಟ್ಟಿಕೊಂಡು, ದುಡ್ಡು ಎಣಿಸಿ ಕೊಟ್ಟ.

ಮನೆಗೆ ಬಂದು ಡಬ್ಬಿ ಸಿಕ್ಕಿಸಿದ. ಹಸಿರು ದೀಪ ಹತ್ತಿತು. ತಿದ್ದಲು ಬಂದಿದ್ದ ಅಧ್ಯಾಯ ವರ್ಷಗಳಿಂದ ಅವನು ಕೇಳುತ್ತಿದ್ದ ಒಬ್ಬಾಕೆಯದು. ಅವಳನ್ನು ಅವನು ಕಂಡಿರಲಿಲ್ಲ, ಫೋನಿನಲ್ಲೂ ಮಾತಾಡಿರಲಿಲ್ಲ. ಆದರೆ ಓದುವಾಗ ತಪ್ಪಿದಲ್ಲೆಲ್ಲ ಅವಳು, ಇದನ್ನು ಕತ್ತರಿಸುವವನು ಒಬ್ಬನಿದ್ದಾನೆಂದು ನೆನೆದು, ಅವನೊಡನೆ ಮಾತಾಡುತ್ತಿದ್ದಳು. "ಸಾರಿ ಸರ್, ನಾಲಿಗೆ ಹೊರಳ್ತಿಲ್ಲ." "ಸರ್, ಇವತ್ತು ನೆಗಡಿ, ಬೈಕೋಬೇಡಿ." ಆ ಮನೆಯಲ್ಲಿ ಅವನಿಗೆಂದೇ ಆಡಿದ ಮಾತುಗಳು ಅವಷ್ಟೇ. ಅವನ್ನು ತೆಗೆದುಹಾಕುವುದಕ್ಕೇ ಅವನಿಗೆ ಸಂಬಳ.

ಹೊಸ ಡಬ್ಬಿಯಲ್ಲಿ ಅವಳ ಧ್ವನಿ ತಿಳಿಯಾಗಿತ್ತು, ಹಾಳೆ ಮಗುಚಿದ್ದೂ ಕೇಳುತ್ತಿತ್ತು. ಎಲ್ಲ ಬಲಗಡೆ, ಪಕ್ಕದ ಕುರ್ಚಿಯಲ್ಲಿ ಕೂತವಳ ಹಾಗೆ.

ಪುಟದ ನಡುವೆ ಅವಳು ನಿಲ್ಲಿಸಿದಳು. "ಒಂದು ನಿಮಿಷ ಸರ್, ಫ್ಯಾನ್ ಸದ್ದು ಮಾಡ್ತಿದೆ. ಆರಿಸಿ ಬಂದೆ."

ಕುರ್ಚಿ ಸರಿಯಿತು. ಹೆಜ್ಜೆಗಳು ದೂರವಾದವು. ಅಲ್ಲಿಂದಾಚೆಗಿನ ಖಾಲಿಯನ್ನು ಕತ್ತರಿಸಬೇಕು. ಅವನ ಬೆರಳು ಅಳಿಸುವ ಕೀಲಿಯ ಮೇಲೆ ಬಂತು, ಹಾಗೇ ನಿಂತಿತು. ಕಾಲಬಳಿ ಬಿದ್ದಿದ್ದ ಖಾಲಿ ಪೆಟ್ಟಿಗೆಯನ್ನು ಅವನು ಎತ್ತಿ, ಮುಚ್ಚಳ ಮಡಿಸಿ, ಮೇಜಿನ ಮೇಲೆ ಕಣ್ಣಿಗೆ ಬೀಳುವಂತೆ ಇಟ್ಟ.

ಆಮೇಲೆ ಬಲಕ್ಕೆ ಕೊಂಚ ವಾಲಿ, ಅವಳು ತಿರುಗಿ ಬಂದು ಕೂರುವುದನ್ನು ಕಾದ.