ಕಿತ್ತು ನೆಟ್ಟ ಕೂದಲಿನ ಹಗೆ

ನಾನು ಒಂದು ಕೂದಲ ಕುಚ್ಚು. ಹನ್ನೆರಡು ಎಳೆ, ಅವುಗಳ ಬೇರು, ಬೇರಿನ ಸುತ್ತ ತೊಗರಿಬೇಳೆಯಷ್ಟು ಚರ್ಮ. ನನ್ನ ಆಸ್ತಿ ಇಷ್ಟೇ. ನಾನು ಹುಟ್ಟಿದ್ದು ಹುಬ್ಬಳ್ಳಿಯ ವಾದಿರಾಜ ಗಲಗಲಿ ಎಂಬಾತನ ಹಿಂದಲೆಯಲ್ಲಿ. ಅಲ್ಲಿ ಬೆವರಿತ್ತು, ಅಂಗಿಯ ಕಾಲರಿನ ತಿಕ್ಕಾಟವಿತ್ತು, ನೋಡುವವರು ಯಾರೂ ಇರಲಿಲ್ಲ. ಯಾರ ಕಣ್ಣಿಗೂ ಬೀಳದೆ ಬದುಕುವುದು ಎಷ್ಟು ದೊಡ್ಡ ಸುಖವೆಂದು ಆಗ ನನಗೆ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಆತನ ತಾಯಿ ಕೃಷ್ಣಾಬಾಯಿ ಮಗನನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚುತ್ತಿದ್ದಳು. ನೆತ್ತಿ ತಟ್ಟಿ, ಕಿವಿ ಸುತ್ತಿ, ಅವಳ ಬೆರಳು ಕೊನೆಗೆ ನಮ್ಮಲ್ಲಿ ಬಂದು ನಿಲ್ಲುತ್ತಿತ್ತು. ಅವಳು ಮಾತಾಡುತ್ತಿರಲಿಲ್ಲ. ಆ ಬೆರಳಿನ ಮೌನವನ್ನು ನಾನು ಮರೆತಿಲ್ಲ. ಮುಂದಿನದಕ್ಕೆಲ್ಲ ಸಾಕ್ಷಿ ನಾನೇ ಆದದ್ದರಿಂದ ಇದನ್ನು ಮೊದಲೇ ಹೇಳುತ್ತಿದ್ದೇನೆ.

ವಾದಿರಾಜ ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಗಾದಿಯ ಮೇಲೆ ಕೂತು, ಬಗ್ಗಿ ಸೀರೆ ಬಿಚ್ಚಬೇಕು. ಎದ್ದು ನಿಂತು ಸೆರಗನ್ನು ತನ್ನ ಹೆಗಲಿಗೇ ಹಾಕಿಕೊಂಡು ತೋರಿಸಬೇಕು. ಬಗ್ಗಿದಾಗಲೆಲ್ಲ ಟ್ಯೂಬ್‌ಲೈಟಿನ ಬೆಳಕು ಆತನ ತಲೆಯ ಮೇಲೆ ಬೀಳುತ್ತಿತ್ತು. ಇಪ್ಪತ್ತಾರಕ್ಕೇ ಮುಂದಲೆ ಖಾಲಿಯಾಗತೊಡಗಿತು. ಎರಡು ಕಡೆಯಿಂದ ಹೆಣ್ಣಿನವರು ಬಂದು ನೋಡಿ ಹೋದವರು ತಿರುಗಿ ಸುದ್ದಿ ಕಳಿಸಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತರಲ್ಲಿ ಆತ ಮನೆಯಲ್ಲಿ ಸುಳ್ಳು ಹೇಳಿ ದೂರದ ಊರಿನ ಒಬ್ಬ ಡಾಕ್ಟರನ ಬಳಿ ಹೋದ. ಆ ಡಾಕ್ಟರನ ಕೈಯಲ್ಲಿ ಕೊಳವೆಯಂಥ ಹರಿತವಾದ ಆಯುಧವಿತ್ತು. ಹಿಂದಲೆಗೆ ಅದನ್ನಿಟ್ಟು ಒತ್ತಿ ತಿರುಗಿಸಿದ. ನನ್ನ ನೆರೆಹೊರೆ, ನನ್ನ ಕತ್ತಲೆ, ಎಲ್ಲವೂ ಒಂದು ತಿರುವಿನಲ್ಲಿ ಮುಗಿಯಿತು. ಅರವತ್ತು ಕುಚ್ಚುಗಳನ್ನು ಹೀಗೆ ಕಿತ್ತು ಮುಂದಲೆಯಲ್ಲಿ ನಾಲ್ಕು ಸಾಲಾಗಿ ನೆಟ್ಟ. ನಾನು ಮೊದಲನೆಯ ಸಾಲಿನಲ್ಲಿ, ಹಣೆಯ ನಟ್ಟನಡುವೆ.

"ಇನ್ನ ಎರಡು ಸಲ ಬರ್ರಿ, ನಡುವಿನ ಜಾಗಾ ತುಂಬಿಸಿಬಿಡ್ತೇನಿ. ಯಾರಿಗೂ ಗೊತ್ತಾಗಂಗಿಲ್ಲ" ಎಂದಿದ್ದ ಡಾಕ್ಟರ್. ಮುಂದಿನ ಸಲ ಹೋದಾಗ ಆ ಕೋಣೆಯಲ್ಲಿ ಒಬ್ಬ ದರ್ಜಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದ.

ಆ ಡಾಕ್ಟರನ ಮೇಲೆ ನನಗೆ ಸಿಟ್ಟಿದೆ. ಆದರೆ ಆತ ಕೂಲಿಯವ. ಕೀಳಿಸಿದವನು ವಾದಿರಾಜ. ಅಂದೇ ನಿಶ್ಚಯಿಸಿದೆ: ಬದುಕುತ್ತೇನೆ, ಸೊಂಪಾಗಿ ಬೆಳೆಯುತ್ತೇನೆ, ಆದರೆ ಇವನಿಗಾಗಿ ಅಲ್ಲ.

ಕೂದಲು ಹಗೆ ತೀರಿಸುವುದು ಹೇಗೆ ಎನ್ನುತ್ತೀರಾ? ನೆಟ್ಟಗೆ ನಿಂತರೆ ಸಾಕು. ಬಾಚಣಿಗೆ ಎಡಕ್ಕೆ ಎಳೆದರೆ ನಾವು ಮೇಲಕ್ಕೆ ಎದ್ದೆವು. ನೀರು ಬಿದ್ದರೆ ಒಂದೊಂದು ಕುಚ್ಚೂ ಬೇರೆ ಬೇರೆಯಾಗಿ, ಬ್ರಶ್ಶಿನ ಹಲ್ಲಿನಂತೆ ನಿಂತೆವು. ನಮ್ಮ ಹಿಂದಿದ್ದ ಹಳೆಯ ಕೂದಲು ವರ್ಷದಿಂದ ವರ್ಷಕ್ಕೆ ಉದುರಿತು, ನಾವು ಉದುರಲಿಲ್ಲ. ಬೋಳು ಬಯಲಿನ ಅಂಚಿನಲ್ಲಿ ನಾಲ್ಕು ಸಾಲು ಉಳಿದವು. ಅಂಗಡಿಗೆ ಬಂದ ಹೆಂಗಸೊಬ್ಬಳು ಆತ ಬಗ್ಗಿದ್ದಾಗ ತಂಗಿಯ ತೊಡೆ ಚಿವುಟಿದಳು.

"ನೋಡಲೇ, ನಮ್ಮ ಪಿಂಕಿ ಗೊಂಬಿ ತಲಿ ಇದ್ದಂಗ ಐತಿ!"

"ಸುಮ್ಮಕಿರ ಅಕ್ಕಾ, ಕೇಳಸ್ತೈತಿ ಅವರಿಗೆ."

ಕೇಳಿಸಿತು. ಸೀರೆಯ ಮೇಲಿದ್ದ ಆತನ ಕೈ ನಿಂತಿತು. ನನ್ನ ಹನ್ನೆರಡು ಎಳೆಗೂ ಆ ದಿನ ಎಣ್ಣೆ ಕುಡಿದಷ್ಟು ತೃಪ್ತಿಯಾಯಿತು.

ಇಷ್ಟಾದರೂ ನನ್ನ ಹಗೆ ಆಗ ಸಣ್ಣದೇ. ಅದು ದೊಡ್ಡದಾದದ್ದು ಸೂರತ್ತಿನ ಲಾಡ್ಜಿನಲ್ಲಿ.

ಆತ ಸೀರೆ ಖರೀದಿಗೆ ಹೋಗಿದ್ದ. ತಂದೆತಾಯಿ ಇದ್ದ ಊರು ಮುನವಳ್ಳಿಯಿಂದ ತಮ್ಮ ಜಯತೀರ್ಥನ ಫೋನು ಬಂತು. "ದಾದಾ, ಅವ್ವ ಹೋದ್ಳು. ಹಿರೇಮಗ ನೀನು, ಲಗೂನ ಬಾ. ಎರಡನೇ ದಿನಕ್ಕಾದ್ರೂ ಬಾ, ಮುಂದಿನ ಕರ್ಮಾ ನೀನೇ ಹಿಡಿ." ಇವರ ಮನೆತನದಲ್ಲಿ ತಂದೆತಾಯಿಗೆ ಕ್ರಿಯೆ ಮಾಡುವ ಮಗ ತಲೆ ಬೋಳಿಸಿಕೊಳ್ಳಬೇಕು. ವಾದಿರಾಜ ಫೋನಿಟ್ಟು ಕೋಣೆಗೆ ಬಂದು ಕನ್ನಡಿಯ ಮುಂದೆ ನಿಂತ. ಮೊದಲು ನಮ್ಮನ್ನು ಮುಟ್ಟಿದ. ನಮ್ಮ ಬುಡದಲ್ಲಿ ಚರ್ಮ ಗಂಟುಗಂಟಾಗಿ ಉಬ್ಬಿತ್ತು. ಆಮೇಲೆ ಕೈ ಹಿಂದಕ್ಕೆ ಹೋಯಿತು. ಅಲ್ಲಿ, ನಮ್ಮನ್ನು ಕಿತ್ತ ಜಾಗದಲ್ಲಿ, ಅರವತ್ತು ಬಿಳಿ ಗುಂಡು ಕಲೆಗಳಿದ್ದವು. ಕತ್ತಿ ಆಡಿದರೆ ಎರಡೂ ಊರಿಗೆಲ್ಲ ಕಾಣುತ್ತವೆ.

ರೈಲಿತ್ತು, ಟಿಕೆಟ್ಟೂ ಸಿಗುತ್ತಿತ್ತು. ಆತ ಹದಿಮೂರು ದಿನ ಲಾಡ್ಜಿನಲ್ಲಿ ಕೂತ. ಕಾಮಾಲೆಯಾಗಿದೆ ಎಂದು ಹೇಳಿ ಕಳಿಸಿದ.

ಹದಿನಾಲ್ಕನೆಯ ದಿನ ಮುನವಳ್ಳಿಗೆ ಹೋದಾಗ ಬೋಳುತಲೆಯ ಜಯತೀರ್ಥ ಕಟ್ಟೆಯ ಮೇಲೆ ಕೂತಿದ್ದ. ಅಣ್ಣನ ಕಣ್ಣು ಹಳದಿಯಾಗಿದೆಯೇ ಎಂದು ನೋಡಲಿಲ್ಲ. ನೇರ ನಮ್ಮನ್ನೇ ನೋಡಿದ. ಬಹಳ ಹೊತ್ತು ನೋಡಿ, ಎದ್ದು ಒಳಗೆ ಹೋದ. ಆ ದಿನದಿಂದ ಅಣ್ಣನೊಡನೆ ಮಾತು ಬಿಟ್ಟ.

ನಮಗೆ ಎಣ್ಣೆ ಹಚ್ಚಿದ ಆ ಬೆರಳುಗಳನ್ನು ಸುಡುವ ಬೆಂಕಿಯ ಮುಂದೆ ಇವನು ಇರಲಿಲ್ಲ, ನಮ್ಮ ಕಾರಣಕ್ಕೆ ಇರಲಿಲ್ಲ. ಮಾಡಿದ್ದು ಇವನು, ಕಳಂಕ ಹೊತ್ತದ್ದು ನಾವು. ಅಂದಿನಿಂದ ನನ್ನ ಹಗೆಗೆ ಬೇರೆ ಕಾರಣ ಬೇಕಾಗಲಿಲ್ಲ.

ಹದಿನೆಂಟು ವರ್ಷ ಕಳೆದವು. ಮುನವಳ್ಳಿಯಲ್ಲಿ ತಮ್ಮನ ಬಳಿಯಿದ್ದ ತಂದೆಗೆ ತೊಂಬತ್ತಾಯಿತು. ಆಗ ವಾದಿರಾಜ, ಐವತ್ತೈದರ ವಾದಿರಾಜ, ಟೋಪಿ ಹಾಕಿಕೊಂಡು ಡಾಕ್ಟರ್ ನಫೀಸಾ ಸವಣೂರ ಅವರ ಮುಂದೆ ಹೋಗಿ ಕೂತ. ಹಳೆಯ ಕೆಟ್ಟ ನಾಟಿಗಳನ್ನು ಸರಿಪಡಿಸುವುದರಲ್ಲಿ ಆಕೆಯ ಹೆಸರಿತ್ತು. ಆಕೆ ಭೂತಗನ್ನಡಿ ಹಿಡಿದು ನಮ್ಮನ್ನು ಒಂದೊಂದಾಗಿ ನೋಡಿದರು.

"ಯಾವ ಮಾರಾಯ ಮಾಡಿದ್ನರಿ ಇದನ್ನ? ಹೊಲದಾಗ ಮೆಣಸಿನ ಅಗಿ ಹಚ್ಚಿದಂಗ ಹಚ್ಯಾನಲ್ಲ!"

ವಾದಿರಾಜ ನಗಲಿಲ್ಲ. "ಸರಿ ಮಾಡ್ಲಿಕ್ಕೆ ಬರ್ತದೇನ್ರಿ?"

"ಮೂರು ದಾರಿ ಅದಾವ. ಇವನ್ನ ಹಿಂಗ ಬಿಟ್ಟು, ಮುಂದ ಮತ್ತ ನಡುವ ಸಣ್ಣ ಒಂಟಿ ಕೂದಲಾ ಹಚ್ಚಿ ಮುಚ್ಚಬಹುದು. ಹಗೂರ ಕೆಲಸ, ಛಲೋ ಕಾಣಸ್ತೈತಿ. ಹೆಚ್ಚು ಮಂದಿ ಇದನ್ನ ಆರಿಸ್ಕೊಳ್ತಾರ. ಇಲ್ಲಾ, ಲೇಸರ್ ಹಿಡದು ಸುಟ್ಟುಬಿಡಬಹುದು. ಕರೀ ಕೂದಲಾ ಹೋಗ್ತಾವ, ಬಿಳೀವು ಬಗ್ಗಂಗಿಲ್ಲ, ಗಂಟೂ ಹಂಗ ಉಳೀತಾವ. ಮೂರನೇದ್ದು, ಒಂದೊಂದ ಕುಚ್ಚು ಕಿತ್ತು ಹೊಲಿಗಿ ಹಾಕಿ, ಅದರಾಗಿನ ಕೂದಲಾ ಬಿಡಿಸಿ ಬ್ಯಾರೆ ಬ್ಯಾರೆ ಕಡೆ ಹಚ್ಚೋದು. ಹಿಂದಿನ ಕಲೆಗೋಳಿಗೂ ಒಂದಿಷ್ಟು ಹಾಕಬಹುದು. ಎರಡು ಮೂರು ಸಲ ಕೂಡಬೇಕು, ವರ್ಷ ಹಿಡೀತೈತಿ. ಹೇಳ್ರಿ, ನಿಮಗ ಹೆಂಗ ಕಾಣಬೇಕಾಗೇತಿ?"

ಆತ ತೊಡೆಯ ಮೇಲಿದ್ದ ಟೋಪಿಯನ್ನು ಮಡಿಸಿದ. ಹೊರಗೆ ಯಾರೋ ಹೆಸರು ಕೂಗುತ್ತಿದ್ದರು.

"ನನಗ ತಲಿ ಬೋಳಿಸ್ಕೊಳ್ಳಿಕ್ಕೆ ಬರಬೇಕ್ರಿ."

ಡಾಕ್ಟರ್ ಭೂತಗನ್ನಡಿ ಕೆಳಗಿಟ್ಟರು. "ಇಷ್ಟು ವರ್ಷದಾಗ ಎಲ್ಲಾರೂ ಕೂದಲಾ ಕೇಳಿಕೊಂಡು ಬಂದಾರ. ಬೋಳು ಕೇಳಿಕೊಂಡು ಬಂದವ್ರು ನೀವೊಬ್ರೇ."

"ನಮ್ಮಪ್ಪಗ ತೊಂಬತ್ತ್ರೀ" ಎಂದ ಆತ. ಆಕೆ ಪೆನ್ನು ಎತ್ತಿಕೊಂಡರು. "ಹಂಗಿದ್ರ ಮೂರನೇದ್ದ" ಎಂದು ಬರೆದುಕೊಂಡರು.

ಮೊದಲನೆಯ ದಾರಿ ಹಿಡಿದಿದ್ದರೆ ನಾನು ಹೊಸಬರ ಮರೆಯಲ್ಲಿ ಕಾಯುತ್ತಿದ್ದೆ. ಕತ್ತಿ ಆಡಿದ ದಿನ ಎದ್ದು ಊರಿಗೆಲ್ಲ ಹೇಳುತ್ತಿದ್ದೆ. ಎರಡನೆಯದಾದರೆ ಸಾಯುತ್ತಿದ್ದೆ, ಗಂಟುಗಳು ಹೇಳುತ್ತಿದ್ದವು. ಆತ ಆರಿಸಿದ್ದು ನನ್ನನ್ನು ಬಾಯಿಲ್ಲದವನನ್ನಾಗಿ ಮಾಡುವ ದಾರಿ. ಎರಡನೆಯ ಬಾರಿ ನನ್ನನ್ನು ಕಿತ್ತರು. ದೀಪದ ಕೆಳಗೆ ಸೂಕ್ಷ್ಮದರ್ಶಕವಿಟ್ಟು ನನ್ನನ್ನು ಸೀಳಿದರು. ನನ್ನ ಹನ್ನೆರಡರಲ್ಲಿ ಮೂರು ಅಲ್ಲೇ ಒಣಗಿದವು. ಉಳಿದವು ಎಲ್ಲೆಲ್ಲಿಗೋ ಹೋದವು. ಮಾತಾಡುತ್ತಿರುವ ನಾನು ಈಗ ಒಂದೇ ಒಂದು ಎಳೆ, ಎಡ ಕಣತಲೆಯ ಹತ್ತಿರ. ಒಬ್ಬಂಟಿಯಾಗಿ ನೆಟ್ಟಗೆ ನಿಂತರೆ ಯಾರಿಗೂ ಕಾಣುವುದಿಲ್ಲ.

ಮೂರು ಬಾರಿ ಕೂತದ್ದಾಯಿತು. ಗಾಯ ಮಾಯಿತು. ಆತ ಕನ್ನಡಿಯ ಮುಂದೆ ಹಣೆಯ ಮೇಲೆ ಬೆರಳಾಡಿಸಿ ಮೊದಲ ಸಲ ಉಸಿರು ಬಿಟ್ಟ. ನಾನು ಸೋತೆನೆಂದುಕೊಂಡೆ.

ಮುಂದಿನ ಬೇಸಿಗೆಯಲ್ಲಿ ತಂದೆ ತೀರಿಕೊಂಡರು. ಈ ಸಲ ಫೋನು ಮಾಡಿದ್ದು ಪಕ್ಕದ ಮನೆಯವರು. ವಾದಿರಾಜ ಸಿಕ್ಕ ಬಸ್ಸು ಹತ್ತಿದ, ಹೆಣ ಎತ್ತುವ ಮುನ್ನವೇ ಊರು ಮುಟ್ಟಿದ. ಮಲಪ್ರಭೆಯ ದಂಡೆಯಲ್ಲಿ ನಾವಿದ ಕತ್ತಿ ಮಸೆಯುತ್ತ ಕೇಳಿದ, "ಕರ್ಮಕ್ಕ ಕೂಡೋರು ಯಾರ್ರೀ? ಮೊದಲ ಬರ್ರಿ."

ವಾದಿರಾಜ ಅಂಗಿ ಬಿಚ್ಚಿ ಮುಂದೆ ಹೋದ. ಜಯತೀರ್ಥ ಆಗಲೇ ಹೋಗಿ ಕೂತಿದ್ದ.

"ಜಯಾ, ನಾ ಬಂದೀನಲ್ಲೋ. ಹಿರೇಮಗ ನಾನು."

ಹತ್ತೊಂಬತ್ತು ವರ್ಷದ ಮೇಲೆ ತಮ್ಮ ಬಾಯಿ ಬಿಟ್ಟ. ದನಿ ಎತ್ತರಿಸಲಿಲ್ಲ. "ಬೋಳಿಸ್ಕೋ ದಾದಾ, ಯಾರು ಬ್ಯಾಡಂದಾರ? ಆದ್ರ ದರ್ಭಿ ನನ್ನ ಕೈಯಾಗಿರ್ತದ. ಅವ್ವಗ ಯಾವ ಕೈ ಬೆಂಕಿ ಇಟ್ಟಿತೋ ಅಪ್ಪಗೂ ಅದೇ ಕೈ."

ಪುರೋಹಿತರು ಹಿರಿಯನ ಮುಖ, ಕಿರಿಯನ ಮುಖ ನೋಡಿ, ಪಂಚೆಯ ಅಂಚು ಸರಿಮಾಡಿಕೊಂಡು ಕಿರಿಯನ ಕಡೆ ತಿರುಗಿದರು.

ತಮ್ಮನದಾದ ಮೇಲೆ ವಾದಿರಾಜ ಕೂತ. ಕತ್ತಿ ನನ್ನ ಮೇಲೂ ಹಾದುಹೋಯಿತು. "ಛಲೋ ತಲಿ ಬಿಡ್ರಿ ಯಜಮಾನ್ರ, ಎಲ್ಲೂ ತೊಡಕಲಿಲ್ಲ" ಎಂದ ನಾವಿದ. ಆತನಿಗೆ ಬೇಕಾಗಿದ್ದ ತಲೆ ಕೊನೆಗೂ ಸಿಕ್ಕಿತು. ಅದನ್ನು ನೋಡುವವರಿರಲಿಲ್ಲ. ಎಲ್ಲರ ಕಣ್ಣು ಕೊಳ್ಳಿ ಹಿಡಿದ ಜಯತೀರ್ಥನ ಕೈಯ ಮೇಲಿತ್ತು.

ನಾನು ಬಯಸಿದ ಸೇಡು ಬೇರೆಯವನ ಕೈಯಿಂದ ತೀರಿತು. ಅದಕ್ಕೆ ನನಗೆ ಸಂಕೋಚವಿಲ್ಲ. ಮುದಿ ಎಳೆ ನಾನು, ಬಿಳಿಯಾಗುತ್ತಿದ್ದೇನೆ. ಕ್ಷಮಿಸುವ ವಯಸ್ಸು ಬಂದಿದೆ ಎನ್ನುವವರು ಎನ್ನಲಿ. ಕಿತ್ತವರನ್ನು ಕ್ಷಮಿಸುವುದು ಕೀಳಿಸಿಕೊಂಡವರ ಕೆಲಸವೆಂದು ಯಾರು ಗೊತ್ತುಮಾಡಿದರು?

ಐದನೆಯ ದಿನ. ತಮ್ಮ ಪಿಂಡ ಇಡುತ್ತಿದ್ದ. ವಾದಿರಾಜ ನಾಲ್ಕು ಹೆಜ್ಜೆ ಹಿಂದೆ, ಬಿಸಿಲಿಗೆ ಕಾದ ಹೊಳೆಯ ಮೆಟ್ಟಿಲಿನ ಮೇಲೆ ಕೈಮುಗಿದು ಕೂತಿದ್ದ. ನಾನು ಚರ್ಮದ ಕೆಳಗಿನಿಂದ ತುದಿ ಎತ್ತಿದೆ. ತುರಿಕೆ ಎದ್ದಿತು. ಆತ ಕಣತಲೆಗೆ ಕೈ ಒಯ್ದ. ಅದೇ ಹೊತ್ತಿಗೆ ಜಯತೀರ್ಥ ತಿರುಗಿ ನೋಡಿದ. ವಾದಿರಾಜ ತುರಿಸದೆಯೇ ಕೈ ಇಳಿಸಿ ಮತ್ತೆ ಮುಗಿದುಕೊಂಡ.

ನಾನು ಇನ್ನಷ್ಟು ಬೆಳೆದೆ.