ಪ್ರಿಂಟರಿನೊಳಗೆ ನಿಂತ ಚೀಟಿ

ಗಂಗಾ ಕಂಪ್ಯೂಟರಿನ ಕೀಲಿ ಒತ್ತಿ ಕಾದಳು. ಮುದ್ರಣ ಮುಗಿಯಿತೆಂದು ಕಪ್ಪು ಪರದೆ ಹೇಳಿತು. ಪಕ್ಕದ ಹೊಸ ಲೇಸರ್ ಪ್ರಿಂಟರಿನಿಂದ ಮಾತ್ರ ಸದ್ದೂ ಇಲ್ಲ, ಕಾಗದವೂ ಇಲ್ಲ. ಕಿತ್ತಳೆ ಬಣ್ಣದ ದೀಪವೊಂದು ಮಿಟುಕುತ್ತಿತ್ತು.

ಗೌನಿಪಲ್ಲಿ ರಸ್ತೆಯ ಆ ಹಾಲು ತಂಪು ಮಾಡುವ ಕೇಂದ್ರದ ಅಂಗಳದಲ್ಲಿ ಟ್ಯಾಂಕರು ತುಂಬಿ ನಿಂತಿತ್ತು. ಹಳೆಯ ಟ್ಯಾಂಕರು, ತಂಪು ಹಿಡಿಯುವ ಒಳಪದರ ಸವೆದುಹೋಗಿತ್ತು. ಮಾವಿನಕಾಯಿ ಬಲಿಯುವ ಕಾಲದ ಬಿಸಿಲು ಆಗಲೇ ಅದರ ಬೆನ್ನೇರಿತ್ತು. ಕೋಲಾರದ ಆಚೆಯ ಡೇರಿಯವರು ಎಂಟು ಡಿಗ್ರಿ ದಾಟಿದ ಹಾಲನ್ನು ಗೇಟಿನಲ್ಲೇ ತಿರುಗಿಸುತ್ತಿದ್ದರು. ಹೋದ ವಾರ ಹಾಗೆ ವಾಪಸು ಬಂದ ಹಾಲನ್ನು ಹಿತ್ತಲ ಚರಂಡಿಗೆ ಬಿಟ್ಟದ್ದರ ಹುಳಿವಾಸನೆ ಇನ್ನೂ ಹೋಗಿರಲಿಲ್ಲ. ಹಾಲಿನ ಡಿಗ್ರಿ ನಮೂದಿಸಿದ ಕಂಪ್ಯೂಟರಿನ ಚೀಟಿಯಿಲ್ಲದೆ ಅವರು ಗೇಟು ತೆಗೆಯುವುದಿಲ್ಲ, ಕೈಬರಹ ನಡೆಯುವುದಿಲ್ಲ.

ಡ್ರೈವರ್ ಕದಿರೇಶ್ ಕಿಟಕಿಯಲ್ಲಿ ಇಣುಕಿದ. “ಏಮಮ್ಮಾ, ಇನ್ನೂ ಆಗಿಲ್ವಾ? ಹಳೇ ಪ್ರಿಂಟರೇ ವಾಸಿ ಕಣಮ್ಮ, ಕಿರ್ ಕಿರ್ ಅಂತ ಬೈಕೊಂಡಾದ್ರೂ ಕೆಲ್ಸ ಮಾಡ್ತಿತ್ತು. ಇದು ಹೊಸ ಸೊಸೆ ಥರ, ಬಾಯೇ ಬಿಡಲ್ಲ.”

“ಸುಮ್ನಿರಣ್ಣ,” ಎಂದಳು ಗಂಗಾ.

ಅವಳು ಮತ್ತೆ ಒತ್ತಿದಳು. ಆ ಹಳೆಯ ಪ್ರೋಗ್ರಾಮು ಒಂದೇ ಚೀಟಿಯನ್ನು ಎರಡು ಸಲ ಕೊಡುವುದಿಲ್ಲ. ಒತ್ತಿದಾಗಲೆಲ್ಲ ಹೊಸ ನಂಬರು ಹಾಕಿ, ಹಾಲಿನ ಡಿಗ್ರಿಯನ್ನು ಹೊಸದಾಗಿ ಕೇಳುತ್ತದೆ. ಗಂಗಾ ಥರ್ಮಾಮೀಟರ್ ಹಿಡಿದು ಟ್ಯಾಂಕರಿನ ಏಣಿ ಹತ್ತಿದಳು. ಮೊದಲು ನಾಲ್ಕಿದ್ದದ್ದು ಐದಾಗಿತ್ತು. ಇಳಿದು ಬಂದು ಐದು ಎಂದೇ ಹಾಕಿದಳು. ಈ ಸಲವೂ ಕಾಗದ ಬರಲಿಲ್ಲ.

ಮೇಲ್ವಿಚಾರಕ ರಾಮಚಂದ್ರಪ್ಪ ಮುಳಬಾಗಿಲಿನ ಕಂಪ್ಯೂಟರ್ ಅಂಗಡಿಯ ಮಾಧವನಿಗೆ ಫೋನು ಮಾಡಿದರು. ಹಿಂದಿನ ದಿನ ಪ್ರಿಂಟರು ಕೂಡಿಸಿ, ವಿಂಡೋಸಿನಿಂದ ಚಂದದೊಂದು ಪರೀಕ್ಷೆಯ ಹಾಳೆ ತೆಗೆದು ತೋರಿಸಿ ಹೋದವನು ಅವನೇ. ಬಹಳ ಹೊತ್ತು ಲೈನು ಸಿಗಲಿಲ್ಲ. ಸಿಗುವ ಹೊತ್ತಿಗೆ ಗಂಗಾ ಮೂರನೇ ಸಲ ಏಣಿ ಹತ್ತಿ ಇಳಿದು, ಏಳು ಎಂದು ಹಾಕಿ ಒತ್ತಿಯಾಗಿತ್ತು.

“ದೀಪ ಮಿಟುಕ್ತೈತಾ?” ಮಾಧವ ಕೇಳಿದ. “ಹಂಗಾದ್ರೆ ಚೀಟಿ ಒಳಕ್ಕೆ ಹೋಗೈತೆ ಸಾರ್. ಹಳೇ ಪ್ರಿಂಟರಲ್ಲಿ ಕಾಗದ ಉದ್ದಕ್ಕೆ ಬರ್ತಿತ್ತು, ನೀವೇ ತಿರುಪು ತಿರುಗಿಸಿ ಹರ್ಕೊಂತಿದ್ರಿ. ಇದಕ್ಕೆ ಬರೆಯೋದು ಮುಗೀತು, ಹಾಳೆ ಹೊರಕ್ಕೆ ಬಿಡು ಅಂತ ಯಾರಾದ್ರೂ ಹೇಳ್ಬೇಕು. ನಿಮ್ಮ ಪ್ರೋಗ್ರಾಮು ಹೇಳಲ್ಲ, ಅದಕ್ಕೇ ಕಾಯ್ತಾ ಕೂತೈತೆ. ದೀಪದ ಪಕ್ಕದ ಗುಂಡಿ ಒತ್ತಿ.”

“ನೆನ್ನೆ ಬಾಯಲ್ಲಿ ಏನಿಟ್ಕೊಂಡಿದ್ದೆ?” ಎಂದು ರಾಮಚಂದ್ರಪ್ಪ ಗುಂಡಿ ಒತ್ತಿದರು.

ಹಾಳೆ ಬೆಚ್ಚಗೆ ಹೊರಬಂತು. ಒಂದೇ ಹಾಳೆಯಲ್ಲಿ ಮೂರು ಚೀಟಿ, ಒಂದರ ಕೆಳಗೊಂದು: ನಾಲ್ಕು, ಐದು, ಏಳು.

ರಾಮಚಂದ್ರಪ್ಪ ಕತ್ತರಿ ತೆಗೆದರು. “ಮೊದಲನೇದು ಕೊಟ್ಟು ಕಳ್ಸಮ್ಮ. ಏಳು ನೋಡಿದ್ರೆ ಗೇಟಲ್ಲೇ ಮೂಗು ಮುರೀತಾರೆ.”

“ಅಲ್ಲಿ ಅವ್ರೂ ಅಳೀತಾರಲ್ಲ ಸಾರ್.”

“ದಾರೀಲಿ ಏರ್ತು ಅಂದ್ಕೋತಾರೆ.”

ಬಾಗಿಲಲ್ಲಿ ನಿಂತಿದ್ದ ಕದಿರೇಶನ ಮುಖದ ನಗೆ ಹೋಯಿತು. “ದಾರೀಲಿ ಏರ್ತು ಅಂದ್ರೆ ಯಾರ ತಲೆ ಮೇಲೆ ಸಾರ್? ಚೀಟೀಲಿ ನಾಲ್ಕು, ಟ್ಯಾಂಕರಲ್ಲಿ ಎಂಟು. ಎಲ್ಲಿ ನಿಲ್ಲಿಸಿದ್ದೆ, ಯಾರಿಗೆ ಮಾರಿದೆ, ಏನು ಬೆರೆಸಿದೆ ಅಂತ ನನ್ನ ಕೇಳ್ತಾರೆ. ಕೊನೇದು ಕೊಡಿ, ಇಲ್ಲಾಂದ್ರೆ ಕೀ ತಗೊಳ್ಳಿ.”

ಹೊರಗೆ ಟ್ಯಾಂಕರಿನ ತಗಡು ಬಿಸಿಲಿಗೆ ಟಕ್ಕೆಂದಿತು. ಗಂಗಾ ಕತ್ತರಿಗೆ ಕೈಚಾಚಿದಳು. ರಾಮಚಂದ್ರಪ್ಪ ಒಂದು ಗಳಿಗೆ ಹಿಡಿದೇ ಇದ್ದು, ಬಿಟ್ಟರು. ಅವಳು ಏಳರ ಚೀಟಿಯನ್ನು ಕತ್ತರಿಸಿ ಕದಿರೇಶನಿಗೆ ಕೊಟ್ಟು, ಓಡಿಹೋಗಿ ಮುಚ್ಚಳಕ್ಕೆ ಸೀಲು ಹಾಕಿದಳು. ಒಂದು ಗೋಣಿಚೀಲ ನೆನೆಸಿ ಮೇಲಕ್ಕೆಸೆದಳು. ಕದಿರೇಶ್ ಇನ್ನೂ ನಾಲ್ಕು ಚೀಲ ಹೊದಿಸಿ ಗಾಡಿ ಹೊರಡಿಸಿದ.

ಉಳಿದ ಹಾಳೆಯನ್ನು ರಾಮಚಂದ್ರಪ್ಪ ಮಡಿಸಿ ಜೇಬಿಗಿಟ್ಟುಕೊಂಡರು. ಹರಿದುಹಾಕುತ್ತಾರೆಂದು ಗಂಗಾಗೆ ಗೊತ್ತಿತ್ತು. ಕೇಳಲು ಧೈರ್ಯ ಬರಲಿಲ್ಲ. ಅವಳು ಖಾಲಿ ಕ್ಯಾನುಗಳನ್ನು ತೊಳೆಯುತ್ತ, ಕಿವಿಯನ್ನು ಫೋನಿನ ಕಡೆಗೇ ಇಟ್ಟಿದ್ದಳು.

ಊಟದ ಹೊತ್ತು ಕಳೆದ ಮೇಲೆ ಡೇರಿಯಿಂದ ಫೋನು ಬಂತು. ರಾಮಚಂದ್ರಪ್ಪ ಎತ್ತಿ ಹೂಂಗುಟ್ಟುತ್ತ ಕೇಳಿಸಿಕೊಂಡರು.

“ಎಂಟಕ್ಕೆ ಮುಟ್ಟಿತ್ತಂತೆ,” ಎಂದರು ಇಟ್ಟಮೇಲೆ. “ಚೀಟೀಲಿ ಏಳಿತ್ತಲ್ಲ, ದಾರಿಗೆ ಒಂದು ಡಿಗ್ರಿ ಸರಿಹೋಯ್ತು ಅಂತ ಒಳಕ್ಕೆ ಬಿಟ್ರಂತೆ.” ಸ್ವಲ್ಪ ತಡೆದು, “ಹಿಂದಿನ ಚೀಟಿಗೂ ಇದಕ್ಕೂ ನಡುವೆ ಎರಡು ನಂಬರು ಇಲ್ಲ, ಅವು ಎಲ್ಲಿ ಅಂತ ಕೇಳ್ತಾವ್ರೆ. ಸಂಜೆ ಹಾಲಿನ ಜತೇಲಿ ಕಳಿಸ್ಬೇಕಂತೆ.”

ಗಂಗಾ ಅವರ ಜೇಬನ್ನೇ ನೋಡಿದಳು. ಅವರು ಹಾಳೆಯನ್ನು ತೆಗೆದು, ಮೇಜಿನ ಮೇಲಿಟ್ಟು, ಮಡಿಕೆಯ ಗೆರೆಯನ್ನು ಅಂಗೈಯಿಂದ ಉಜ್ಜಿ ಉಜ್ಜಿ ನೆಟ್ಟಗೆ ಮಾಡತೊಡಗಿದರು.