ಒಳಜೇಬಿನ ಬೀಜ

ಅಣ್ಣನ ಅಂಗಿಯ ಗುಂಡಿ ಬಿಚ್ಚುತ್ತಿದ್ದ ತಂಗಿಯ ಬೆರಳಿಗೆ ತೇವ ತಾಗಿತು. ಬೆಚ್ಚಿ ಕೈ ಎಳೆದುಕೊಂಡಳು.

"ಒಳಜೇಬು ನೋಡಮ್ಮಾ, ಸೋರೆ ಬೀಜ ಇರುತ್ತೆ," ಎಂದಳು ಬಾಗಿಲಲ್ಲಿ ನಿಂತಿದ್ದ ಬಾಡಿಗೆ ಮನೆಯ ಒಡತಿ. "ಒದ್ದೆ ಬಟ್ಟೇಲಿ ಸುತ್ತಿ ಮೈ ಬಿಸಿಗೆ ಇಟ್ಕೊಂಡು ಓಡಾಡ್ತಿದ್ರು. ಬೇಗ ಮೊಳಕೆ ಬರುತ್ತಂತೆ. ಅದಕ್ಕೇ ಅಂತ ಎಲ್ಲಾ ಅಂಗಿಗೂ ಒಳಜೇಬು ಹೊಲ್ಕೊಂಡಿದ್ರು."

ಟೈಲರ್ ಆಗಿದ್ದ ಅಣ್ಣ ಸತ್ತು ಅರ್ಧ ದಿನವಾಗಿತ್ತು. ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಅವನನ್ನು ಮಲಗಿಸಲು ಜಾಗ ಮಾಡಿದ್ದರು. ಹೊರಗೆ ಮೆಟ್ಟಿಲ ಕಂಬಿಗೆ ಹೋದ ವರ್ಷದ ಸೋರೆ ಬಳ್ಳಿ ಒಣಗಿ ಸುತ್ತಿಕೊಂಡಿತ್ತು. ಅಲ್ಲೇ ಕೂತು ನೆರೆಯವರು ಗಾಡಿಗೆ ಕಾಯುತ್ತಿದ್ದರು.

"ಇರೋದು ಒಬ್ರು, ಬೆಳೆಯೋದು ಬೀದಿಗಾಗೋಷ್ಟು," ಎಂದ ಪೋಸ್ಟ್‌ಮ್ಯಾನ್. "ಅವರು ಬಾಗಿಲು ತಟ್ಟಿದ್ರೆ, ಮತ್ತೆ ಸೋರೆಕಾಯಿ ಪಲ್ಯ ಅಂತ ನಮ್ಮ ಮಕ್ಕಳು ಮಂಚದ ಕೆಳಗೆ ಬಚ್ಚಿಟ್ಕೊಳ್ತಿದ್ರು."

"ಎರಡು ಬೀಜ ಕೊಡಿ, ನಾನೇ ಬೆಳ್ಕೋತೀನಿ ಅಂತ ಕೇಳೇಬಿಟ್ಟೆ ಒಂದ್ಸಲ," ಎಂದ ಬೇಕರಿಯವನು. "ಮುಖ ಸಣ್ಣಗಾಯ್ತು ಪಾಪ. ಬೀಜ ಕೊಟ್ಬಿಟ್ರೆ ಆಮೇಲೆ ಯಾವ ನೆಪ ಹೇಳ್ಕೊಂಡು ನಿಮ್ಮನೆಗೆ ಬರ್ಲಿ ಅಂದ್ರು."

ಇಬ್ಬರೂ ನಕ್ಕರು. ಆಮೇಲೆ ಎಲ್ಲಿ ಕೂತಿದ್ದೇವೆಂದು ನೆನಪಾಗಿ ಬೀದಿಯ ಕಡೆ ತಿರುಗಿದರು. ಒಳಗೆ ತಂಗಿಗೆ ಎಲ್ಲವೂ ಕೇಳಿಸಿತ್ತು.

* * *

ಹೋದ ವರ್ಷ ಅಣ್ಣ ತೊಡೆಯಷ್ಟು ದಪ್ಪದ ಕಾಯಿ ಹೆಗಲ ಮೇಲೆ ಹೊತ್ತು ಬಂದಾಗ ಅವಳ ಮನೆಯಲ್ಲಿ ಬೀಗರಾಗುವವರು ಕೂತಿದ್ದರು. ಕಾಯಿಯನ್ನು ಕಾಫಿ ಕಪ್ಪುಗಳ ನಡುವೆ ಇಟ್ಟು, ಯಾರೂ ಕೇಳದಿದ್ದರೂ ಶುರುಮಾಡಿದ. "ಸಂಜೆ ಹೂ ಅರಳುತ್ತೆ ನೋಡಿ. ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನಾನೇ ಮುಟ್ಟಿಸ್ತೀನಿ. ಇಲ್ಲಾಂದ್ರೆ ಕಾಯಿ ಕಚ್ಚಲ್ಲ." ಬೀಗಿತ್ತಿ ಕೆಮ್ಮಿದಳು. ತಂಗಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇನ್ಮೇಲೆ ಬರೋದಾದ್ರೆ ಸೋರೆಕಾಯಿ ಹಿಡ್ಕೊಂಡು ಬರ್ಬೇಡ ಅಣ್ಣಾ," ಎಂದಳು ಬಾಗಿಲವರೆಗೆ ಬಂದು.

ಅವನು ತಲೆಯಾಡಿಸಿ ಹೋದ. ಮತ್ತೆ ಬರಲೇ ಇಲ್ಲ. ಸಿಟ್ಟಿರಬೇಕು, ತಾನಾಗಿಯೇ ಇಳಿಯುತ್ತೆ ಅಂದುಕೊಂಡು ಅವಳೂ ಈ ಕಡೆ ತಲೆ ಹಾಕಲಿಲ್ಲ.

* * *

ಒಳಜೇಬಿನಿಂದ ಒದ್ದೆ ಬಟ್ಟೆಯ ಗಂಟನ್ನು ಈಚೆಗೆ ತೆಗೆದಳು. ಗಿರಾಕಿಗಳ ಬಟ್ಟೆಗೆ ಸಿಕ್ಕಿಸುವಂಥ ಚೀಟಿಯೊಂದನ್ನು ಅಣ್ಣ ಅದಕ್ಕೂ ಪಿನ್ನು ಹಾಕಿ ಸಿಕ್ಕಿಸಿದ್ದ. ಅವನದೇ ದುಂಡು ಅಕ್ಷರ: 'ತಂಗಿ ಮನೆಗೆ'. ಒಳಗಿದ್ದ ಐದು ಬೀಜಗಳಲ್ಲಿ ಒಂದರ ತುದಿಯಲ್ಲಿ ಬಿಳಿ ಮೊಳಕೆ ಇಣುಕಿತ್ತು.

"ಅಯ್ಯೋ, ಯಾರಿಗೂ ಬೀಜ ಕೊಟ್ಟವರಲ್ಲಮ್ಮಾ!" ಎಂದಳು ಮನೆ ಒಡತಿ. "ನಿನಗೆ ಮಾತ್ರ ಎತ್ತಿಟ್ಟಿದ್ದಾರೆ ನೋಡು. ಎಂಥಾ ಪ್ರೀತಿ!"

ತಂಗಿ ಚೀಟಿಯನ್ನು ಮತ್ತೊಮ್ಮೆ ಓದಿದಳು. ಅವನಿಗೆ ಸಿಟ್ಟಿರಲಿಲ್ಲ. ಬೀಜ ಕೊಟ್ಟುಬಿಟ್ಟು, ಮತ್ತೆಂದೂ ಅವಳ ಬಾಗಿಲು ತಟ್ಟದೆ ಇರಲು ತಯಾರಾಗಿದ್ದ, ಅಷ್ಟೇ. ಗಂಟನ್ನು ಮೊದಲಿನಂತೆಯೇ ಕಟ್ಟಿ, ಸೊಂಟದಲ್ಲಿ ಮೈಗೆ ತಾಗುವ ಹಾಗೆ ಸಿಕ್ಕಿಸಿಕೊಂಡಳು.

ಗಾಡಿ ಬಂತು. ನಾಲ್ವರು ಅವನನ್ನು ಎತ್ತಿಕೊಂಡು ಇಳಿದರು. ಹಿಂದೆಯೇ ತಂಗಿ, ಕಂಬಿ ಹಿಡಿಯದೆ, ಎರಡೂ ಕೈಯಿಂದ ಸೊಂಟ ಒತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.

"ಹೊಟ್ಟೆ ನೋವೇನಮ್ಮಾ?" ಎಂದು ಪೋಸ್ಟ್‌ಮ್ಯಾನ್ ಕೇಳಿದ.

ಇಲ್ಲವೆಂದು ತಲೆಯಾಡಿಸಿದಳು. ಗಂಟು ಇನ್ನೂ ತಣ್ಣಗಿತ್ತು. ಕೈ ತೆಗೆಯಲಿಲ್ಲ.